ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು: ಈಚಿನ ತೀರ್ಪುಗಳಿಂದ ಏನು ಬದಲಾಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾನೂನು ಅರಿವು ಶಿಬಿರದಲ್ಲಿ ನಿಜವಾದ ಪ್ರಶ್ನೆಗಳು ಬರುವುದು ಮೈಕು ಬಂದ್ ಆದ ಮೇಲೆ. ಕುರ್ಚಿ ಎತ್ತಿಡುವ ಹೊತ್ತಿಗೆ ಯಾರಾದರೊಬ್ಬ ಹೆಂಗಸು ಹತ್ತಿರ ಬಂದು, ಕೈಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು, ಮಡಿಕೆ ಬಿದ್ದು ಹರಿಯುವ ಹಾಗಿರುವ ಪಹಣಿಯನ್ನು ಮುಂದೆ ಹಿಡಿದು, “ಇದರಾಗ ನನ್ನ ಹೆಸರಿಲ್ಲ. ನನಗ ಪಾಲು ಬರ್ತದೇನ್ರೀ?” ಅಂತ ಮೆಲ್ಲಗೆ ಕೇಳುತ್ತಾರೆ. ಹಾಗೆ ಕೇಳಿದವರ ಪ್ರಶ್ನೆಗಳೇ ಇಲ್ಲಿವೆ. ಸುಪ್ರೀಂ ಕೋರ್ಟ್ ಈಚಿನ ವರ್ಷಗಳಲ್ಲಿ ಕೊಟ್ಟ ತೀರ್ಪುಗಳಿಂದ ಎಷ್ಟೋ ಉತ್ತರಗಳು ಬದಲಾಗಿವೆ, ಆದರೆ ಹಳ್ಳಿಯ ಕಟ್ಟೆಯ ಮೇಲೆ ಈಗಲೂ ಹಳೆಯ ಉತ್ತರಗಳೇ ಓಡಾಡುತ್ತಿವೆ.

ಹೆಣ್ಣುಮಕ್ಕಳಿಗೆ ಸಮಪಾಲು ಅಂತ 2005ರಲ್ಲೇ ಕಾನೂನು ಬಂದಿತ್ತಲ್ಲ? ಮತ್ತೆ 2020ರ ತೀರ್ಪು ಯಾಕೆ ಬೇಕಾಯಿತು?

ಕಾನೂನು ಬಂದಿದ್ದು ನಿಜ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಂಗೆ ಮಾಡಿದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದ ಬರುವ ಹಕ್ಕು ಮಗಳಿಗೂ ಹುಟ್ಟಿನಿಂದಲೇ ಬರುತ್ತದೆ ಎಂದು ಅದು ಹೇಳಿತು. ಆದರೆ ಆ ದಿನಕ್ಕೂ ಮೊದಲೇ ಅಪ್ಪ ತೀರಿಕೊಂಡಿದ್ದರೆ ಏನು ಗತಿ ಎಂಬುದು ಅಲ್ಲಿ ಬಿಡಿಸಿ ಹೇಳಿರಲಿಲ್ಲ. ಹೆಣ್ಣುಮಕ್ಕಳು ಹದಿನೈದು ವರ್ಷ ಕೋರ್ಟು ಅಲೆಯಲು ಅಷ್ಟು ಸಾಕಾಯಿತು.

ಕರ್ನಾಟಕದಿಂದ ಹೋದ ಫುಲವತಿ ಪ್ರಕರಣದಲ್ಲಿ, 2015ರ ಅಕ್ಟೋಬರ್‌ನಲ್ಲಿ, ಇಬ್ಬರು ನ್ಯಾಯಮೂರ್ತಿಗಳ ಪೀಠವು 2005ರ ಸೆಪ್ಟೆಂಬರ್ 9ರಂದು ಅಪ್ಪನೂ ಬದುಕಿರಬೇಕು, ಮಗಳೂ ಬದುಕಿರಬೇಕು ಎಂದಿತು. ಕರ್ನಾಟಕದ್ದೇ ಆದ ದಾನಮ್ಮ ಪ್ರಕರಣದಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರು. ಆದರೂ 2018ರ ಫೆಬ್ರುವರಿಯಲ್ಲಿ ಇನ್ನೊಂದು ಪೀಠ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಸುಪ್ರೀಂ ಕೋರ್ಟಿನ ತೀರ್ಪುಗಳೇ, ಎರಡೂ ಇಬ್ಬರು ನ್ಯಾಯಮೂರ್ತಿಗಳವು. ಕೆಳಗಿನ ನ್ಯಾಯಾಲಯ ಯಾವುದನ್ನು ಹಿಡಿಯಬೇಕು? ಅಣ್ಣನ ವಕೀಲರು ಒಂದನ್ನು ತೋರಿಸಿದರೆ ತಂಗಿಯ ವಕೀಲರು ಇನ್ನೊಂದನ್ನು ತೋರಿಸುತ್ತಿದ್ದರು.

ಆ ಗೊಂದಲ ಮುಗಿದದ್ದು 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ. ಅರುಣ್ ಮಿಶ್ರಾ, ನಮ್ಮ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಮತ್ತು ಎಂ.ಆರ್. ಶಾ ಅವರ ತ್ರಿಸದಸ್ಯ ಪೀಠ, ಹಕ್ಕು ಹುಟ್ಟಿನಿಂದ ಬಂದ ಮೇಲೆ ಅಪ್ಪ ಆ ದಿನ ಬದುಕಿದ್ದರೋ ಇಲ್ಲವೋ ಎಂಬ ಪ್ರಶ್ನೆಯೇ ಏಳದು ಎಂದಿತು. ಮೂವರ ಪೀಠದ ಮಾತಾದ್ದರಿಂದ ಹಿಂದಿನ ಎರಡು ತೀರ್ಪುಗಳ ಜಗಳ ಅಲ್ಲಿಗೆ ಮುಗಿಯಿತು. ಸಂವಿಧಾನದ 141ನೇ ವಿಧಿಯ ಪ್ರಕಾರ ಇದು ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ.

ಅಪ್ಪ ತೀರಿಕೊಂಡು ಮೂವತ್ತು ವರ್ಷವಾಯಿತು. ಈಗ ಕೇಳಬಹುದೇ?

ಆಸ್ತಿ ಪಿತ್ರಾರ್ಜಿತವಾಗಿದ್ದು, 2004ರ ಡಿಸೆಂಬರ್ 20ಕ್ಕೂ ಮೊದಲು ಕಾನೂನುಬದ್ಧವಾಗಿ ಪಾಲಾಗಿರದಿದ್ದರೆ, ಆ ದಿನಕ್ಕೂ ಮೊದಲು ಮಾರಾಟವಾಗಿರದಿದ್ದರೆ, ಕೇಳಬಹುದು. ತಿದ್ದುಪಡಿ ಮಸೂದೆ ರಾಜ್ಯಸಭೆಗೆ ಬಂದ ದಿನ ಅದು. ಅದಕ್ಕೂ ಹಿಂದೆ ಆದ ಪಾಲುಪಟ್ಟಿ, ಮಾರಾಟ, ವಿಲ್ ಯಾವುದನ್ನೂ ಕೆದಕುವುದಿಲ್ಲ ಎಂದು ಕಾಯ್ದೆಯೇ ಹೇಳಿದೆ. ನೆನಪಿಡಬೇಕಾದ ತಾರೀಖು ಇದೊಂದೇ. ಎಷ್ಟೋ ಜನ 2005ರ ಸೆಪ್ಟೆಂಬರನ್ನು ನೆನಪಿಟ್ಟುಕೊಂಡು ಇದನ್ನು ಮರೆಯುತ್ತಾರೆ.

ಹಾಗಂತ ಸುಮ್ಮನೆ ಕೂರುವುದೂ ಅಪಾಯ. ಕುಟುಂಬದ ಆಸ್ತಿಯಿಂದ ನಿಮ್ಮನ್ನು ಹೊರಗಿಟ್ಟಿದ್ದಾರೆ ಎಂದು ನಿಮಗೆ ಗೊತ್ತಾದ ದಿನದಿಂದ 12 ವರ್ಷದ ಕಾಲಮಿತಿ ಓಡಲು ಶುರುವಾಗುತ್ತದೆ. “ನಿನಗೆ ಪಾಲಿಲ್ಲ, ಹೋಗು” ಎಂದು ಅಣ್ಣ ನೋಟಿಸಿನಲ್ಲಿ ಬರೆದು ಕಳಿಸಿದ್ದರೆ ಆ ನೋಟಿಸಿನ ತಾರೀಖನ್ನು ಮೊದಲು ನೋಡಿ.

ಪಾಲು ಅಂದರೆ ಎಷ್ಟು ಬರುತ್ತದೆ? ಲೆಕ್ಕ ಹಾಕಿ ತೋರಿಸಿ.

ತಾಯಿ ಮೊದಲೇ ತೀರಿಕೊಂಡ ಒಂದು ಮನೆ ಇಟ್ಟುಕೊಳ್ಳೋಣ. ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, 12 ಎಕರೆ ಪಿತ್ರಾರ್ಜಿತ ಜಮೀನು. ಅಪ್ಪ ವಿಲ್ ಬರೆಯದೆ ತೀರಿಕೊಂಡರು.

ಹಳೆಯ ಲೆಕ್ಕ ಹೀಗಿತ್ತು. ಹುಟ್ಟಿನಿಂದ ಹಕ್ಕಿದ್ದವರು ಅಪ್ಪ ಮತ್ತು ಇಬ್ಬರು ಗಂಡುಮಕ್ಕಳು ಮಾತ್ರ, ತಲಾ 4 ಎಕರೆ. ಅಪ್ಪನ 4 ಎಕರೆಯನ್ನಷ್ಟೇ ಮೂವರು ಮಕ್ಕಳಿಗೆ ಹಂಚಿದರೆ ಮಗಳಿಗೆ ಸಿಗುತ್ತಿದ್ದದ್ದು 1 ಎಕರೆ 13 ಗುಂಟೆ ಚಿಲ್ಲರೆ. ಅಣ್ಣತಮ್ಮಂದಿರಿಗೆ ತಲಾ 5 ಎಕರೆ 13 ಗುಂಟೆ ಚಿಲ್ಲರೆ.

ಈಗ ಹುಟ್ಟಿನಿಂದ ಹಕ್ಕಿರುವವರು ನಾಲ್ವರು. ತಲಾ 3 ಎಕರೆ. ಅಪ್ಪನ 3 ಎಕರೆ ಮೂವರಿಗೆ ಒಂದೊಂದು. ಮಗಳಿಗೆ 4, ಅಣ್ಣನಿಗೆ 4, ತಮ್ಮನಿಗೆ 4.

“ಹೆಣ್ಣುಮಕ್ಕಳಿಗೆ ಹಿಂದೆಯೂ ಪಾಲು ಇತ್ತಲ್ಲ” ಎನ್ನುವವರಿಗೆ ನಾನು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದು ತೋರಿಸುತ್ತೇನೆ: 1 ಎಕರೆ 13 ಗುಂಟೆ, 4 ಎಕರೆ. ತಾಯಿ ಬದುಕಿದ್ದರೆ ಅಪ್ಪನ ಪಾಲಿನಲ್ಲಿ ಮಕ್ಕಳ ಸಮಕ್ಕೆ ಅವರಿಗೂ ಸೇರುತ್ತದೆ, ಆಗ ಲೆಕ್ಕ ಬದಲಾಗುತ್ತದೆ.

ನನ್ನ ಮದುವೆ 1994ಕ್ಕೂ ಮೊದಲೇ ಆಯಿತು. ನಿನಗಿಲ್ಲ ಅಂತಾರೆ.

ಅದು ಕರ್ನಾಟಕದ ಹಳೆಯ ತಿದ್ದುಪಡಿಯ ನೆನಪು. ನಮ್ಮ ರಾಜ್ಯ ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲೇ, 1994ರ ಜುಲೈ 30ರಿಂದ, ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕೊಟ್ಟಿತ್ತು. ಅದು ಹೆಮ್ಮೆಯ ಮಾತೇ. ಆದರೆ ಆ ದಿನಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯಾದವರು, ಆಗದವರು ಎಂಬ ಭೇದವೇ ಇಲ್ಲ. ಈಗ ನಡೆಯುವುದು ಕೇಂದ್ರದ ಕಾನೂನು. ನಿಮ್ಮ ಮದುವೆ 1975ರಲ್ಲಿ ಆಗಿದ್ದರೂ ಅಷ್ಟೇ.

ಮದುವೆಗೆ ಅಷ್ಟು ಖರ್ಚು ಮಾಡಿದ್ದಾರೆ, ಬಂಗಾರ ಹಾಕಿದ್ದಾರೆ. ಅದೇ ಪಾಲು ಅಂತಲ್ಲವೇ?

ಅಲ್ಲ. ಮದುವೆ ಖರ್ಚು ಪಾಲಿಗೆ ಸಮ ಎಂದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಅಣ್ಣನ ಓದಿಗೆ, ಅವನ ಮದುವೆಗೆ ಆದ ಖರ್ಚನ್ನು ಯಾರೂ ಅವನ ಪಾಲಿನಿಂದ ಕಳೆಯುವುದಿಲ್ಲವಲ್ಲ.

“ನಮ್ಮಲ್ಲಿ ಯಾವಾಗಲೋ ವಾಟ್ನಿ (ಆಸ್ತಿ ಹಂಚಿಕೆ) ಆಗಿಹೋಗಿದೆ” ಎಂದು ಅಣ್ಣ ಹೇಳುತ್ತಾನೆ. ಅದನ್ನು ಒಪ್ಪಬೇಕೇ?

ಬಹಳ ಮನೆಗಳಲ್ಲಿ ತಂಗಿಯ ಬಾಯಿ ಮುಚ್ಚಿಸುವುದು ಈ ಒಂದು ಮಾತು. ಕಾಯ್ದೆ ಮಾನ್ಯ ಮಾಡುವ ವಿಭಾಗ ಎರಡೇ ಬಗೆಯದು: ನೋಂದಣಿಯಾದ ವಿಭಾಗ ಪತ್ರ, ಇಲ್ಲವೇ ನ್ಯಾಯಾಲಯದ ಡಿಕ್ರಿ (ತೀರ್ಪಿನ ಅಧಿಕೃತ ಆದೇಶ). ಬಾಯಿಮಾತಿನ ಹಂಚಿಕೆ ಆಗಿದೆ ಎಂದು ಸುಮ್ಮನೆ ಹೇಳಿದರೆ ಒಪ್ಪುವಂತಿಲ್ಲ, ಹೆಣ್ಣುಮಕ್ಕಳ ಹಕ್ಕು ತಪ್ಪಿಸಲು ಇಂಥ ಕಥೆ ಕಟ್ಟುವ ಸಾಧ್ಯತೆ ಇರುತ್ತದೆ ಎಂದು ವಿನೀತಾ ಶರ್ಮಾ ತೀರ್ಪು ಎಚ್ಚರಿಸಿದೆ.

ಒಂದು ಕಿಂಡಿಯನ್ನೂ ಬಿಟ್ಟಿದೆ. ಸಾರ್ವಜನಿಕ ದಾಖಲೆಗಳ ಗಟ್ಟಿ ಆಧಾರವಿದ್ದು, ನೋಂದಾಯಿತ ಪತ್ರವಿದ್ದಷ್ಟೇ ಖಚಿತವಾಗಿ ಹಂಚಿಕೆ ಸಾಬೀತಾದರೆ, ಅಪರೂಪದ ಸಂದರ್ಭದಲ್ಲಿ ಬಾಯಿಮಾತಿನ ವಿಭಾಗವನ್ನೂ ನ್ಯಾಯಾಲಯ ಒಪ್ಪಬಹುದು. ಹಾಗಾಗಿ ಅಣ್ಣ ತೋರಿಸುವ, ಕಂದಾಯ ಕಚೇರಿಗೆ ಕೊಟ್ಟ ವರದಿಯ ನಕಲು, ಮ್ಯುಟೇಷನ್ (ಖಾತೆ ಬದಲಾವಣೆ) ನಂಬರು, ಅದರ ತಾರೀಖು ಎಲ್ಲವನ್ನೂ ಬರೆದುಕೊಳ್ಳಿ. 1985ರಲ್ಲೇ ಬೇರೆಬೇರೆ ಖಾತೆಯಾಗಿ ಬೇರೆಬೇರೆ ಕಂದಾಯ ಕಟ್ಟುತ್ತಾ ಬಂದವರ ಮಾತು ಬೇರೆ, ನಿಮ್ಮ ನೋಟಿಸು ತಲುಪಿದ ಮೇಲೆ ಎದ್ದು ಬಂದ ಹಾಳೆಯ ಮಾತೇ ಬೇರೆ.

ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಬಿಟ್ಟಿದ್ದೇನೆ. ಇನ್ನೇನಾದರೂ ಉಳಿದಿದೆಯೇ?

ನನಗೆ ಹೆಚ್ಚು ಸಂಕಟವಾಗುವ ಪ್ರಶ್ನೆ ಇದು. ಸುಪ್ರೀಂ ಕೋರ್ಟು ಕೊಟ್ಟದ್ದನ್ನು ಒಂದು ಸಹಿ ಕಿತ್ತುಕೊಳ್ಳಬಲ್ಲದು.

ಒಮ್ಮೆ ಒಬ್ಬ ತಾಯಿ ತಂದ ಪತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕು ಪುಟ. ಪ್ರತಿ ಪುಟದ ಕೆಳಗೆ ಅವರ ಹೆಬ್ಬೆಟ್ಟು, ಎರಡು ಕಡೆ ಮಸಿ ಹರಡಿತ್ತು. ನೋಂದಣಿಯ ತಾರೀಖನ್ನೂ ತಂದೆಯ ಮರಣ ಪ್ರಮಾಣಪತ್ರದ ತಾರೀಖನ್ನೂ ಹೋಲಿಸಿದರೆ ನಡುವೆ ಹದಿನಾಲ್ಕು ದಿನ. ಹನ್ನೊಂದನೆಯ ದಿನದ ಕಾರ್ಯಕ್ಕೆಂದು ತವರಿಗೆ ಬಂದವರನ್ನು, ವಾಪಸು ಹೊರಡುವ ಮೊದಲು, “ಖಾತೆ ಮಾಡಿಸೋಕೆ ಒಂದು ಸಹಿ ಬೇಕಕ್ಕಾ” ಎಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿದ್ದರು. ಪತ್ರದಲ್ಲಿ “ಹಣ ಪಡೆದು ಸ್ವಸಂತೋಷದಿಂದ” ಎಂದಿತ್ತು. ಅವರ ಕೈಗೆ ಬಂದದ್ದು ಒಂದು ಸೀರೆ, ಕುಪ್ಪಸದ ಕಣ.

ಇಂಥ ಪತ್ರವನ್ನು ರದ್ದುಪಡಿಸಲು ದಾವೆ ಹಾಕಬಹುದು. ಮೋಸದಿಂದಲೋ ಒತ್ತಡದಿಂದಲೋ ಸಹಿ ಪಡೆದಿದ್ದಾರೆ ಎಂದು ಸಾಬೀತು ಮಾಡುವ ಹೊಣೆ ಸಾಮಾನ್ಯವಾಗಿ ನಿಮ್ಮ ಮೇಲೆ ಬೀಳುತ್ತದೆ. ಮೋಸ ತಿಳಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಬಿಳಿ ಹಾಳೆಯ ಮೇಲೆ ಬರೆದು ಇಟ್ಟುಕೊಂಡದ್ದು, ನೋಂದಣಿ ಆಗದ್ದು ಆದರೆ ಭಯ ಬೇಡ: 100 ರೂಪಾಯಿ ಮೀರಿದ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗದೆ ಹಕ್ಕು ಕಳೆಯುವುದಿಲ್ಲ.

ಮನಃಪೂರ್ವಕವಾಗಿ ತಮ್ಮನಿಗೆ ಬಿಟ್ಟುಕೊಡುವವರೂ ಇದ್ದಾರೆ. ಅದು ಅವರ ಇಷ್ಟ, ಅವರ ಹಕ್ಕು. ಆದರೆ ಪತ್ರವನ್ನು ಒಂದು ರಾತ್ರಿ ನಿಮ್ಮ ಮನೆಯಲ್ಲಿಟ್ಟುಕೊಂಡು, ಓದು ಬಲ್ಲ ಮಗನಿಂದಲೋ ಮಗಳಿಂದಲೋ ಓದಿಸಿ, ಆಮೇಲೆ ಸಹಿ ಮಾಡಿ. ಒಂದು ರಾತ್ರಿಗೂ ಕೊಡಲಾರೆ ಎನ್ನುವವರ ಪತ್ರಕ್ಕೆ ಸಹಿ ಹಾಕಲೇಬೇಡಿ.

ಅಪ್ಪ ಎಲ್ಲವನ್ನೂ ಅಣ್ಣನಿಗೆ ದಾನಪತ್ರ ಮಾಡಿಕೊಟ್ಟಿದ್ದಾರೆ.

ಅಪ್ಪ ತಾನೇ ದುಡಿದು ಸಂಪಾದಿಸಿದ್ದಾದರೆ ಯಾರಿಗೆ ಬೇಕಾದರೂ ಕೊಡಬಹುದು, ನಾವು ಕೇಳುವಂತಿಲ್ಲ. ಪಿತ್ರಾರ್ಜಿತವಾದರೆ ಹಾಗಲ್ಲ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಇನ್ನೊಂದು ಕರ್ನಾಟಕದ ಪ್ರಕರಣ, ಕೆ.ಸಿ. ಲಕ್ಷ್ಮಣ, ಇದನ್ನೇ ಹೇಳುತ್ತದೆ. ನಮ್ಮ ದಾನಪತ್ರಗಳಲ್ಲಿ “ಪ್ರೀತಿ ವಿಶ್ವಾಸದಿಂದ” ಎಂಬ ಮಾತು ಕಾಯಂ ಇರುತ್ತದೆ. ಅವಿಭಕ್ತ ಆಸ್ತಿಯನ್ನು ಧಾರ್ಮಿಕ, ದತ್ತಿ ಕಾರ್ಯಕ್ಕೆಂದು ಒಂದು ಮಿತಿಯಲ್ಲಿ ಕೊಡಬಹುದು, ಬರಿಯ ಪ್ರೀತಿ ವಿಶ್ವಾಸ ಆ ಸಾಲಿಗೆ ಸೇರದು, ಉಳಿದ ಹಕ್ಕುದಾರರ ಒಪ್ಪಿಗೆಯಿಲ್ಲದೆ ಮಾಡಿದ ಅಂಥ ದಾನ ನಿಲ್ಲದು ಎಂದಿತು ಕೋರ್ಟು.

ವಿಲ್ ವಿಷಯವೂ ಇದರ ಹತ್ತಿರದ್ದೇ. ಪಿತ್ರಾರ್ಜಿತದಲ್ಲಿ ಅಪ್ಪ ವಿಲ್ ಬರೆಯಬಹುದಾದದ್ದು ತನ್ನ ಪಾಲಿಗೆ ಮಾತ್ರ. ಮೇಲಿನ 12 ಎಕರೆಯ ಮನೆಯಲ್ಲಿ ಅಪ್ಪ ತನ್ನ 3 ಎಕರೆಯನ್ನು ಮಗನಿಗೇ ಬರೆದಿದ್ದರೂ ಮಗಳ 3 ಎಕರೆ ಅಲುಗಾಡುವುದಿಲ್ಲ.

ಅಪ್ಪನ ಸ್ವಯಾರ್ಜಿತ ಆಸ್ತಿ, ವಿಲ್ ಇಲ್ಲ. ಆಗ?

ಗಂಡುಮಕ್ಕಳು, ಹೆಣ್ಣುಮಕ್ಕಳು, ಹೆಂಡತಿ, ತಾಯಿ ಎಲ್ಲರಿಗೂ ಸಮ. ಇದು 1956ರಿಂದಲೇ ಇದೆ. ಇದಕ್ಕೂ ಹಿಂದಿನದನ್ನು 2022ರ ಜನವರಿ 20ರ ಅರುಣಾಚಲ ಗೌಂಡರ್ ತೀರ್ಪು ಮುಟ್ಟಿತು. ಅಲ್ಲಿ ತಂದೆ ತೀರಿಕೊಂಡದ್ದು 1949ರಲ್ಲಿ, ಉಳಿದದ್ದು ಒಬ್ಬಳೇ ಮಗಳು. ಆಸ್ತಿ ತಮಗೆ ಬರಬೇಕೆಂದು ಆ ತಂದೆಯ ಅಣ್ಣತಮ್ಮಂದಿರ ಕಡೆಯವರ ವಾದ. ಕೋರ್ಟು ಹಳೆಯ ಸ್ಮೃತಿಗಳನ್ನೂ ವ್ಯಾಖ್ಯಾನಗಳನ್ನೂ ತಿರುವಿಹಾಕಿ, ಸ್ವಯಾರ್ಜಿತ ಆಸ್ತಿ 1956ಕ್ಕೂ ಮೊದಲೇ ಮಗಳಿಗೆ ಬರುತ್ತಿತ್ತು ಎಂದು ಹೇಳಿತು. “ಹೆಣ್ಣಿಗೆ ಆಸ್ತಿ ಕೊಡುವುದು ನಮ್ಮ ಸಂಪ್ರದಾಯದಲ್ಲೇ ಇಲ್ಲ” ಎನ್ನುವ ಹಿರಿಯರಿಗೆ ಈ ತೀರ್ಪನ್ನು ಓದಿ ಹೇಳಬೇಕು.

ಭೂನ್ಯಾಯ ಮಂಡಳಿಯಿಂದ ಅಪ್ಪನ ಹೆಸರಿಗೆ ಬಂದ ಗೇಣಿ ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ?

ಗೇಣಿದಾರನಿಗೆ ಹಕ್ಕು ಸಿಕ್ಕಿದ್ದಕ್ಕೆ ಕೊಡುವ ಫಾರಂ 10ರಲ್ಲಿ ಯಾರ ಹೆಸರಿದೆ ಎಂಬುದಷ್ಟರಿಂದ ತೀರ್ಮಾನವಾಗುವುದಿಲ್ಲ. ಅಜ್ಜನ ಕಾಲದಿಂದ ಇಡೀ ಕುಟುಂಬ ಗೇಣಿಗೆ ಉಳುತ್ತಿದ್ದು, ಮನೆಯ ಹಿರಿಯನೆಂದು ಅಪ್ಪ ಆ ಹಕ್ಕು ಕೋರುವ ಅರ್ಜಿಯಾದ ಫಾರಂ 7 ಕೊಟ್ಟಿದ್ದರೆ ಅದು ಕುಟುಂಬದ ಜಮೀನು. ಅಪ್ಪ ಬೇರೆಯಾದ ಮೇಲೆ ತಾನೊಬ್ಬನೇ ಗೇಣಿಗೆ ಹಿಡಿದಿದ್ದರೆ ಬೇರೆ. ಅರ್ಜಿಯ, ಮಂಡಳಿಯ ಆದೇಶದ ದೃಢೀಕೃತ ನಕಲು ತೆಗೆಸಿ, ಉತ್ತರ ಅಲ್ಲಿರುತ್ತದೆ.

ಖಾತೆ ಅಣ್ಣನ ಹೆಸರಿಗಾಗಿದೆ. ಜಮೀನು ಮಾರಿಯೂ ಬಿಟ್ಟಿದ್ದಾನೆ.

ಖಾತೆ ಕಂದಾಯ ವಸೂಲಿಗಾಗಿ ಇರುವ ದಾಖಲೆ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ ಎಂದು ನ್ಯಾಯಾಲಯಗಳು ಸಾರಿ ಸಾರಿ ಹೇಳಿವೆ. ಪೌತಿ ಖಾತೆಗೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಕೊಟ್ಟ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟಿದ್ದರೆ ಆ ವಂಶವೃಕ್ಷವೇ ನಿಮ್ಮ ಕೈಗೆ ಸಿಕ್ಕ ಸಾಕ್ಷಿ. ಅದರ ನಕಲು ತಪ್ಪದೆ ತೆಗೆದುಕೊಳ್ಳಿ.

ಮಾರಾಟ 2004ರ ಡಿಸೆಂಬರ್ 20ಕ್ಕೂ ಮೊದಲಾಗಿದ್ದರೆ ಈ ತಿದ್ದುಪಡಿ ಹಿಡಿದು ಪ್ರಶ್ನಿಸಲಾಗದು. ಆಮೇಲೆ ಆಗಿದ್ದರೆ, ನೀವು ಸಹಿ ಹಾಕಿಲ್ಲದಿದ್ದರೆ, ನಿಮ್ಮ ಪಾಲಿನ ಮಟ್ಟಿಗೆ ಪ್ರಶ್ನಿಸಬಹುದು. ಕುಟುಂಬದ ಅಗತ್ಯಕ್ಕೆ, ಸಾಲ ತೀರಿಸಲೋ ಚಿಕಿತ್ಸೆಗೋ, ಯಜಮಾನ ಮಾರಿದ್ದಾನೆ ಎಂದು ಅವರು ಸಾಬೀತು ಮಾಡಿದರೆ ಮಾರಾಟ ನಿಲ್ಲಬಹುದು. ಇನ್ನೂ ಮಾರಿಲ್ಲ, ಮಾರುವ ಸುದ್ದಿ ಮಾತ್ರ ಇದೆ ಎಂದಾದರೆ ತಡಮಾಡದೆ ದಾವೆ ಹೂಡಿ ತಡೆಯಾಜ್ಞೆ ಕೇಳಿ. ದಾವೆ ನಡೆಯುವಾಗ ಕೊಂಡವನು ತೀರ್ಪಿಗೆ ತಲೆಬಾಗಲೇಬೇಕು.

ವಾಸದ ಮನೆಯಲ್ಲಿ ಪಾಲು ಕೇಳುವಂತಿಲ್ಲ ಎನ್ನುತ್ತಾರಲ್ಲ?

ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಕೇಳುವಂತಿಲ್ಲ ಎಂಬ 23ನೇ ಕಲಂ ಇತ್ತು. 2005ರಲ್ಲಿ ತೆಗೆದುಹಾಕಿದರು. ಕೇಳಬಹುದು.

ಪಾಲಿನ ದಾವೆ ಮುಗಿದು ಪ್ರಾಥಮಿಕ ಡಿಕ್ರಿ ಆಗಿದೆ. ಅದರಲ್ಲಿ ನನಗೆ ಕಡಿಮೆ ಬಂದಿದೆ.

ಅಂತಿಮ ಡಿಕ್ರಿ ಆಗಿಲ್ಲವಾದರೆ ದಾವೆ ಇನ್ನೂ ಮುಗಿದಿಲ್ಲ. ಪ್ರಾಥಮಿಕ ಡಿಕ್ರಿ ಯಾರಿಗೆಷ್ಟು ಎನ್ನುತ್ತದೆ, ಅಂತಿಮ ಡಿಕ್ರಿ ಅಳೆದು ಯಾವ ಭಾಗ ಯಾರದ್ದು ಎನ್ನುತ್ತದೆ. ನಡುವೆ ಕಾನೂನು ಬದಲಾದರೆ ಪಾಲನ್ನು ತಿದ್ದಬೇಕು ಎಂದು 2011ರಲ್ಲೇ ಗಂಡೂರಿ ಕೋಟೇಶ್ವರಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ವಿನೀತಾ ಶರ್ಮಾ ತೀರ್ಪೂ ಅದನ್ನು ಎತ್ತಿಹಿಡಿದಿದೆ. ನಿಮ್ಮ ವಕೀಲರಿಗೆ ಹೇಳಿ ಅದೇ ನ್ಯಾಯಾಲಯದಲ್ಲಿ ಅರ್ಜಿ ಹಾಕಿಸಿ.

ಅಪ್ಪನ ಎರಡನೇ ಮದುವೆಯ ಮಕ್ಕಳಿಗೂ ಪಾಲು ಇದೆಯೇ?

ಇದೆ, ಒಂದು ಮಿತಿಯಲ್ಲಿ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ತ್ರಿಸದಸ್ಯ ಪೀಠ 2023ರ ಸೆಪ್ಟೆಂಬರ್ 1ರಂದು ಇದನ್ನು ಬಿಡಿಸಿ ಹೇಳಿತು. ಮೊದಲ ಹೆಂಡತಿ ಇರುವಾಗಲೇ ಆದ ಮದುವೆ ಅಸಿಂಧು, ಆದರೆ ಅದರಲ್ಲಿ ಹುಟ್ಟಿದ ಮಗು ಕಾನೂನಿನ ಕಣ್ಣಲ್ಲಿ ಸಕ್ರಮ. ಆ ಮಗುವಿಗೆ ಇಡೀ ಕುಟುಂಬದ ಆಸ್ತಿಯಲ್ಲಿ ಹುಟ್ಟಿನ ಹಕ್ಕಿಲ್ಲ. ಅಪ್ಪನ ಪಾಲಿಗೆ ಬಂದದ್ದರಲ್ಲಿ ಮಾತ್ರ ಉಳಿದ ಮಕ್ಕಳ ಸಮಕ್ಕೆ ಹಕ್ಕಿದೆ. ಮೇಲಿನ ಮನೆಗೇ ಬನ್ನಿ: ಇನ್ನೊಬ್ಬ ಮಗ ಹೀಗಿದ್ದರೆ ಅಪ್ಪನ 3 ಎಕರೆ ಮೂವರ ಬದಲು ನಾಲ್ವರಿಗೆ, ತಲಾ 30 ಗುಂಟೆ. ತಪ್ಪು ಮಾಡಿದ್ದು ದೊಡ್ಡವರು, ಮಗುವಲ್ಲ, ಅದಕ್ಕೆ ಈ ತೀರ್ಪು ನ್ಯಾಯವಾದದ್ದು ಎಂದೇ ನನ್ನ ಭಾವನೆ.

ಅಕ್ಕ 2005ಕ್ಕೂ ಮೊದಲೇ ತೀರಿಕೊಂಡಳು. ಅವಳ ಮಕ್ಕಳು ಕೇಳಬಹುದೇ?

ಕೇಳಬಹುದು ಎಂದು 2024ರ ಆರಂಭದಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದೆ. ಹಕ್ಕು ಹುಟ್ಟಿನಿಂದ ಬಂದದ್ದಾದರೆ ಅವಳ ಸಾವಿನಿಂದ ಅದು ಅಳಿಯುವುದಿಲ್ಲ ಎಂಬ ತರ್ಕ. ಎದುರು ಪಕ್ಷದವರು ವಿನೀತಾ ಶರ್ಮಾ ತೀರ್ಪಿನದೇ ಕೆಲವು ಸಾಲು ಹಿಡಿದು ವಾದಿಸುವುದುಂಟು, ಹಾಗಾಗಿ ಸಿದ್ಧರಾಗಿ ಹೋಗಿ.

ನಾವು ಪರಿಶಿಷ್ಟ ಪಂಗಡದವರು. ಇದೆಲ್ಲ ನಮಗೂ ಅನ್ವಯಿಸುತ್ತದೆಯೇ?

ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸದು ಎಂದು ಕಾಯ್ದೆಯ 2ನೇ ಕಲಮೇ ಹೇಳುತ್ತದೆ. 2022ರ ಡಿಸೆಂಬರ್‌ನಲ್ಲಿ ಕಮಲಾ ನೇತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೇರೆ ಹೆಣ್ಣುಮಕ್ಕಳಿಗಿರುವ ಹಕ್ಕು ಬುಡಕಟ್ಟಿನ ಮಗಳಿಗೆ ಇಲ್ಲದಿರುವುದು ಸರಿಯಲ್ಲ, ಸರ್ಕಾರ ಇದನ್ನು ಪರಿಶೀಲಿಸಲಿ ಎಂದಿತು. ಕಾಯ್ದೆಯನ್ನು ತಾನೇ ತಿದ್ದಲು ಹೋಗಲಿಲ್ಲ. 2025ರ ಜುಲೈನಲ್ಲಿ ಛತ್ತೀಸಗಢದ ಗೊಂಡ ಬುಡಕಟ್ಟಿನ ಕುಟುಂಬವೊಂದರ ಪ್ರಕರಣದಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಹೆಣ್ಣಿಗೆ ಪಾಲಿಲ್ಲ ಎಂಬ ರೂಢಿ ಇದೆಯೆಂದು ಸಾಬೀತಾಗದಿದ್ದರೆ, ಹೆಣ್ಣು ಎಂಬ ಕಾರಣಕ್ಕೆ ಪಾಲು ತಪ್ಪಿಸುವುದು ಸಮಾನತೆಗೆ ವಿರುದ್ಧ ಎಂದಿತು. ನಮ್ಮ ರಾಜ್ಯದ ಲಕ್ಷಾಂತರ ಹೆಣ್ಣುಮಕ್ಕಳಿಗೆ ತಟ್ಟುವ ವಿಷಯವಿದು. ಸಂಸತ್ತು, ಸರ್ಕಾರ ಇಷ್ಟು ಕಾಲ ಕೈಕಟ್ಟಿ ಕೂತಿರಬಾರದಿತ್ತು.

ಮುಸ್ಲಿಂ, ಕ್ರೈಸ್ತ ಹೆಣ್ಣುಮಕ್ಕಳಿಗೆ?

ಈ ಕಾಯ್ದೆ ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಮಗ ಮಗಳು ಸಮ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮಗನ ಪಾಲಿನ ಅರ್ಧ ಮಗಳಿಗೆ.

ಕೋರ್ಟಿಗೆ ಹೋಗಲು ನನ್ನಲ್ಲಿ ದುಡ್ಡಿಲ್ಲ.

ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕಾಗಿಯೇ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ನೋಡಿ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಅಲ್ಲಿ ಅರ್ಜಿ ಕೊಟ್ಟರೆ ವಕೀಲರನ್ನು ಅವರೇ ನೇಮಿಸುತ್ತಾರೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಹೋಗುವಾಗ ಪಹಣಿ, ಹಳೆಯ ಕೈಬರಹದ ಪಹಣಿ ಸಿಕ್ಕರೆ ಅದೂ, ಮ್ಯುಟೇಷನ್ ನಕಲು, ಋಣಭಾರ ಪ್ರಮಾಣಪತ್ರ, ಅಪ್ಪನ ಮರಣ ಪ್ರಮಾಣಪತ್ರ, ನೀವು ಅವರ ಮಗಳೆಂದು ತೋರಿಸುವ ಶಾಲೆಯ ದಾಖಲೆ ಇಟ್ಟುಕೊಳ್ಳಿ. ಮದುವೆಯ ನಂತರ ಹೆಸರು ಬದಲಾದವರಿಗೆ ಈ ಕೊನೆಯದು ಬಹಳ ಮುಖ್ಯ.

ಕೇಸು ಹಾಕಿದರೆ ತವರಿನ ಬಾಗಿಲು ಮುಚ್ಚುತ್ತದೆ. ಏನು ಮಾಡಲಿ?

ಇದಕ್ಕೆ ಯಾವ ತೀರ್ಪಿನಲ್ಲೂ ಉತ್ತರವಿಲ್ಲ. ಪಂಚಮಿಗೆ ಕರೆಯಲು ಬರುವ ತಮ್ಮ ಇನ್ನು ಬರುವುದಿಲ್ಲ ಎಂಬ ಭಯ ಸಣ್ಣದಲ್ಲ, ಅದನ್ನು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಆಗದು. ಆದರೆ ಪಾಲು ಕೇಳುವುದೂ ಕೇಸು ಹಾಕುವುದೂ ಒಂದೇ ಅಲ್ಲ. ಮೊದಲು ಮನೆಯಲ್ಲಿ ಕೂತು ಕೇಳಿ. ಆಗದಿದ್ದರೆ ದಾವೆ ಹೂಡುವ ಮೊದಲೇ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಅವರು ಇಬ್ಬರನ್ನೂ ಕರೆಸಿ ಕೂರಿಸುತ್ತಾರೆ. ದಾವೆ ಹಾಕಿದ ಮೇಲೂ ಮಧ್ಯಸ್ಥಿಕೆಗೆ, ಲೋಕ ಅದಾಲತ್‌ಗೆ ದಾರಿ ತೆರೆದಿರುತ್ತದೆ. ಅಲ್ಲಿ ರಾಜಿಯಾದರೆ ಅದೇ ಡಿಕ್ರಿ, ಮೇಲ್ಮನವಿ ಇಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ವಾಪಸು ಬರುತ್ತದೆ. 4 ಎಕರೆಯ ಹಕ್ಕಿರುವ ಅಕ್ಕ 2 ಎಕರೆಗೆ ಒಪ್ಪಿ, ತಮ್ಮನ ಕೈಯಿಂದಲೇ ಕಾಫಿ ಕುಡಿದು ಹೋದದ್ದನ್ನು ನಾನು ಕಂಡಿದ್ದೇನೆ. ಆ 2 ಎಕರೆಯ ಪಹಣಿಯಲ್ಲಿ ಈಗ ಅವರ ಹೆಸರಿದೆ.